ಬಿಸಿಲ ನಾಡಿನ ಸ್ಪೋರ್ಟ್ಸ್ ಬೈಕಿಗೆ ಯಾವ ಟೈರು?

ಬಳ್ಳಾರಿಯ ಟೈರ್ ಅಂಗಡಿಗಳ ಮುಂದೆ ಸ್ಪೋರ್ಟ್ಸ್ ಬೈಕ್ ನಿಲ್ಲಿಸುವ ಹುಡುಗರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಣ್ಣಾ, ಇದಕ್ಕೆ ಇನ್ನೂ ದಪ್ಪ ಟೈರ್ ಕೂರುತ್ತದೆಯೇ?’ ಎರಡನೆಯದು ಬೆಲೆ. ಬೈಕು ಯಾವ ರಸ್ತೆಯಲ್ಲಿ, ಎಂಥ ಬಿಸಿಲಿನಲ್ಲಿ ಓಡುತ್ತದೆ ಎಂಬ ಮಾತು ಬರುವುದು ಅಪರೂಪ. ಟೈರು ಆರಿಸುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ.

ಸ್ಪೋರ್ಟ್ಸ್ ಟೈರುಗಳ ಜಾಹೀರಾತಿನಲ್ಲಿ ಕಾಣುವುದು ರೇಸ್ ಟ್ರ್ಯಾಕು, ಇಲ್ಲವೇ ಹಸಿರು ಘಟ್ಟದ ತಿರುವು. ನಮ್ಮದು ಬಯಲು ಸೀಮೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಧ್ಯಾಹ್ನದ ಡಾಂಬರು ಗಾಳಿಗಿಂತಲೂ ಎಷ್ಟೋ ಹೆಚ್ಚು ಕಾದಿರುತ್ತದೆ. ಹಾಗಾಗಿ ಬೇರೆ ಊರಿನವರು ಮೆಚ್ಚಿದ ಟೈರು ನಮಗೂ ಹೊಂದುತ್ತದೆ ಎಂದು ಹೇಳಲಾಗದು.

ಮೊದಲು ನಿಮ್ಮ ರಸ್ತೆಯನ್ನು ನೋಡಿ

ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಬಹುಪಾಲು ನೇರ. ಬೈಕು ವಾಲುವ ಸಂದರ್ಭ ಕಡಿಮೆ. ಸಂಡೂರಿನ ಗುಡ್ಡಗಳು, ಆನೆಗೊಂದಿಯ ಬಂಡೆಗಳ ನಡುವಿನ ದಾರಿ ಬಿಟ್ಟರೆ ನಿಜವಾದ ತಿರುವುಗಳಿಗೆ ಹುಡುಕಿಕೊಂಡೇ ಹೋಗಬೇಕು. ಇದರ ಪರಿಣಾಮವನ್ನು ನಿಮ್ಮ ಬೈಕಿನಲ್ಲೇ ನೋಡಬಹುದು. ಚೆನ್ನಾಗಿ ಓಡಿದ ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಸವರಿ. ಅಂಚಿನ ರಬ್ಬರು ಹೊಸದರಂತೆಯೇ ಇರುತ್ತದೆ. ನಡುಭಾಗ ಮಾತ್ರ ಚಪ್ಪಟೆಯಾಗಿ ಸವೆದಿರುತ್ತದೆ. ಚಪ್ಪಟೆ ಮುಗಿದು ದುಂಡು ಶುರುವಾಗುವಲ್ಲಿ ಸಣ್ಣದೊಂದು ಏಣು ಕೈಗೆ ತಾಗುತ್ತದೆ. ತಿರುವಿನಲ್ಲಿ ಬೈಕನ್ನು ವಾಲಿಸಿದಾಗ ಮೊದಲು ಅದು ತಡೆದಂತಾಗಿ, ಆ ಏಣನ್ನು ದಾಟಿದ ಕ್ಷಣ ಒಮ್ಮೆಲೇ ಬೀಳುವಂತೆ ವಾಲುತ್ತದೆ. ವರ್ಷವೆಲ್ಲ ನೇರ ರಸ್ತೆಯಲ್ಲಿ ಓಡಿಸಿ ಒಂದು ದಿನ ಸಂಡೂರಿನ ಗುಡ್ಡ ಹತ್ತುವವರಿಗೆ ಅಪಾಯ ಇರುವುದು ಇಲ್ಲೇ.

ಆದ್ದರಿಂದ ಈ ಭಾಗದವರಿಗೆ ನನ್ನ ಸಲಹೆ ಸ್ಪಷ್ಟ: ರೇಸ್‌ಗೆಂದೇ ಮಾಡಿದ ಮೆತ್ತನೆಯ ರಬ್ಬರಿನ ಟೈರು ಬೇಡ. ಕಾದ ಡಾಂಬರಿನ ಮೇಲೆ ಅದು ಬೇಗ ಸವೆಯುತ್ತದೆ. ನಡುವೆ ಗಟ್ಟಿ ರಬ್ಬರು, ಅಂಚುಗಳಲ್ಲಿ ಮೆತ್ತನೆಯ ರಬ್ಬರು ಇರುವ ಡ್ಯುಯಲ್ ಕಾಂಪೌಂಡ್ ಟೈರು, ಅಥವಾ ‘ಸ್ಪೋರ್ಟ್ ಟೂರಿಂಗ್’ ವರ್ಗದ ಟೈರು ಕೇಳಿ. ನೇರ ರಸ್ತೆಯಲ್ಲಿ ಬಾಳಿಕೆ, ತಿರುವಿನಲ್ಲಿ ಹಿಡಿತ ಎರಡೂ ಸಿಗುತ್ತವೆ. ಕಾರ್ಖಾನೆಯಿಂದಲೇ ಇಂಥ ಟೈರಿನೊಂದಿಗೆ ಬಂದ ಬೈಕುಗಳೂ ಇವೆ. 2020ರಲ್ಲಿ ಟಿವಿಎಸ್ ಅಪಾಚೆ ಆರ್‌ಆರ್ 310ಕ್ಕೆ ಮಿಶೆಲಿನ್ ರೋಡ್ 5 ಟೈರು ಬಂದದ್ದು ಒಂದು ಉದಾಹರಣೆ.

ಮಳೆಗಾಲದ ಲೆಕ್ಕ ಬೇರೆ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಗದ್ದೆಯಿಂದ ಬರುವ ಟ್ರ್ಯಾಕ್ಟರುಗಳು ಕೆಸರನ್ನು ರಸ್ತೆಯವರೆಗೂ ಎಳೆದು ತರುತ್ತವೆ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿಗಳಿಂದ ಉದುರಿದ ಕೆಂಪು ದೂಳು ಮೊದಲ ಮಳೆಗೆ ರಾಡಿಯಾಗುತ್ತದೆ. ನೀರನ್ನು ಹೊರಹಾಕುವ, ಟೈರಿನ ಮೇಲಿನ ಆಳವಾದ ಗೀರುಗಳು ನಡುಭಾಗದವರೆಗೂ ಚಾಚಿರಲಿ. ರಬ್ಬರಿನಲ್ಲಿ ಸಿಲಿಕಾ ಸೇರಿಸಿದ ಟೈರುಗಳು ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತವೆ. ಆದರೂ ಹಸಿ ಎರೆಮಣ್ಣಿನ ಮೇಲೆ ಯಾವ ಸ್ಪೋರ್ಟ್ಸ್ ಟೈರೂ ನಿಲ್ಲುವುದಿಲ್ಲ. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಜೋಳದ ಕಾಳಿನ ಮೇಲೂ ಅಷ್ಟೇ. ಅಲ್ಲಿ ವೇಗ ಇಳಿಸುವುದೊಂದೇ ದಾರಿ.

ಟೈರಿನ ಮೇಲಿನ ಅಂಕಿಗಳನ್ನು ಓದಿ

ಹಳೆಯ ಟೈರಿನ ಪಕ್ಕದಲ್ಲಿ ‘140/70 ಆರ್ 17 ಎಂ/ಸಿ 66 ಎಚ್’ ಎಂಬಂಥ ಬರಹ ಇರುತ್ತದೆ. 140 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಟೈರಿನ ಪಕ್ಕೆಯ ಎತ್ತರ ಆ ಅಗಲದ ಶೇ 70ರಷ್ಟು. ‘ಆರ್’ ಇದ್ದರೆ ರೇಡಿಯಲ್, ಅಂದರೆ ಒಳಗಿನ ದಾರದ ಪದರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯ್ದ ಟೈರು. ‘ಆರ್’ ಜಾಗದಲ್ಲಿ ಅಡ್ಡಗೆರೆ ಇದ್ದರೆ ಬಯಾಸ್, ಅಂದರೆ ಆ ಪದರಗಳು ಓರೆಯಾಗಿ ಹಾಯ್ದ ಟೈರು. 17 ಎಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ಎಂ/ಸಿ ಎಂದರೆ ಮೋಟಾರ್ ಸೈಕಲ್. 66 ಹೊರೆಯ ಸಂಕೇತ: ಆ ಟೈರು 300 ಕಿಲೋ ತಡೆಯಬಲ್ಲದು. ಕೊನೆಯ ಅಕ್ಷರ ವೇಗದ ಮಿತಿ. ‘ಪಿ’ ಎಂದರೆ ಗಂಟೆಗೆ 150 ಕಿ.ಮೀ., ‘ಎಸ್’ 180, ‘ಎಚ್’ 210, ‘ವಿ’ 240. ಹೊಸ ಟೈರಿನಲ್ಲಿ ಹೊರೆ ಮತ್ತು ವೇಗದ ಸಂಕೇತಗಳು ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಲೇಬಾರದು. ಹೆಚ್ಚಿದ್ದರೆ ತೊಂದರೆಯಿಲ್ಲ.

ಅಂಗಡಿಯವರು ‘ಇದೂ ಅದೇ ಸೈಜು’ ಎಂದರೆ ಸಾಲದು. ಬೈಕಿನ ಕೈಪಿಡಿಯನ್ನು ಮೊಬೈಲಿನಲ್ಲಿ ತೆರೆದು ಎದುರಿಗಿಟ್ಟುಕೊಂಡು ಪ್ರತಿ ಅಂಕಿಯನ್ನೂ ಹೋಲಿಸಿ.

ದಪ್ಪ ಟೈರಿನ ಆಸೆ

ಈ ಆಸೆ ಎಷ್ಟು ಗಟ್ಟಿ ಎಂದರೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರತಿ ಅಗಲದ ಟೈರಿಗೂ ಇಂತಿಷ್ಟು ಅಗಲದ ರಿಮ್ ಎಂದು ನಿಗದಿಯಾಗಿರುತ್ತದೆ. 130ರ ಟೈರಿಗೆಂದು ಮಾಡಿದ ರಿಮ್‌ಗೆ 150ರದ್ದನ್ನು ಕೂರಿಸಿದರೆ ಅದರ ಎರಡೂ ಅಂಚುಗಳು ಒಳಕ್ಕೆ ಹಿಸುಕಿಕೊಂಡು ನಡುಭಾಗ ಡುಬ್ಬದಂತೆ ಏಳುತ್ತದೆ. ಹಣ ಕೊಟ್ಟು ಕೊಂಡ ಅಗಲದಲ್ಲಿ ಬಹುಪಾಲು ರಸ್ತೆಯನ್ನು ಮುಟ್ಟುವುದೇ ಇಲ್ಲ. ನೋಡಲು ದಪ್ಪ, ನೆಲದ ಮೇಲಿನ ಹಿಡಿತ ಕಡಿಮೆ. ಜೊತೆಗೆ ಬೈಕು ತಿರುಗಲು ಹಟ ಮಾಡುತ್ತದೆ, ಮೈಲೇಜ್ ಇಳಿಯುತ್ತದೆ, ಕೆಲವು ಬೈಕುಗಳಲ್ಲಿ ಟೈರು ಚೈನಿಗೋ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗೋ ಉಜ್ಜುತ್ತದೆ.

ಅಗಲದ ಜೊತೆ ಎತ್ತರವೂ ಬದಲಾಗುತ್ತದೆ. 140/70 ತೆಗೆದು 150/70 ಹಾಕಿದರೆ ಚಕ್ರದ ಒಟ್ಟು ವ್ಯಾಸ 14 ಮಿ.ಮೀ. ಹೆಚ್ಚುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಬೈಕುಗಳು ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುತ್ತವೆ. ಒಂದೇ ಚಕ್ರದ ಅಳತೆ ಬದಲಿಸಿದರೆ ಆ ಲೆಕ್ಕ ತಪ್ಪುತ್ತದೆ. ಕಂಪನಿ ಕೊಟ್ಟ ಅಳತೆಯಲ್ಲೇ ಉತ್ತಮ ಗುಣಮಟ್ಟದ ಟೈರು ಹಾಕಿಸಿ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ ಕೊಳ್ಳಿ.

ರೇಡಿಯಲ್ ಮತ್ತು ಬಯಾಸ್ ಬೆರೆಸಬಾರದು ಎಂಬ ಮಾತು ಅರ್ಧ ಸತ್ಯ. ಯಮಹಾ ಆರ್15ರ ವಿ3, ವಿ4 ಮಾದರಿಗಳಲ್ಲಿ ಮುಂದೆ 100/80ರ ಬಯಾಸ್, ಹಿಂದೆ 140/70ರ ರೇಡಿಯಲ್ ಟೈರನ್ನು ಕಂಪನಿಯೇ ಕೊಟ್ಟಿದೆ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕುವುದು ಮಾತ್ರ ಬೇಡ. ಹೆಚ್ಚು ವೇಗದಲ್ಲಿ ಓಡಿದಾಗ ರೇಡಿಯಲ್ ಟೈರು ಕಡಿಮೆ ಕಾಯುತ್ತದೆ. ಆದ್ದರಿಂದ ಕಂಪನಿ ರೇಡಿಯಲ್ ಕೊಟ್ಟ ಕಡೆ ಹಣ ಉಳಿಸಲೆಂದು ಬಯಾಸ್‌ಗೆ ಇಳಿಯಬೇಡಿ.

ಹುಟ್ಟಿದ ವಾರ ನೋಡಿ

ಟೈರಿನ ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ‘2324’ ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರಿಗೆ ಬಿಸಿಲು, ಶಾಖ ಎರಡೂ ಆಗದು. ತಗಡಿನ ಶೀಟಿನ ಕೆಳಗೆ ಎರಡು ಬೇಸಿಗೆ ಕಳೆದ ‘ಹೊಸ’ ಟೈರನ್ನು ರಿಯಾಯಿತಿ ಕೊಟ್ಟರೂ ಬೇಡವೆನ್ನಿ. ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ ಟೈರನ್ನೂ ಕೊಳ್ಳಬೇಡಿ, ಒಳಗಿನಿಂದ ತರಿಸಿ. ಐಎಸ್‌ಐ ಗುರುತು ಇದೆಯೇ ನೋಡಿ, ಬಿಲ್ ಪಡೆಯಿರಿ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ

ಅಲಾಯ್ ವೀಲಿನ ಟ್ಯೂಬ್‌ಲೆಸ್ ಟೈರನ್ನು ಬಿಚ್ಚಲು ಯಂತ್ರ ಇರುವ ಅಂಗಡಿಗೇ ಹೋಗಿ. ಕಬ್ಬಿಣದ ಪಟ್ಟಿಯಿಂದ ಮೀಟಿದರೆ ರಿಮ್‌ನ ಅಂಚು ಗಾಯಗೊಂಡು ಅಲ್ಲಿಂದ ಗಾಳಿ ಸೋರತೊಡಗುತ್ತದೆ. ವಾಲ್ವನ್ನೂ ಹೊಸದಾಗಿ ಹಾಕಿಸಿ, ಅದು ಅಗ್ಗದ ವಸ್ತು. ಟೈರಿನ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಗಾಳಿ ತುಂಬಿದ ಮೇಲೆ ಬಗ್ಗಿ ರಿಮ್ ಪಕ್ಕ ನೋಡಿ. ಟೈರಿನ ಸುತ್ತ, ರಿಮ್‌ಗೆ ಹತ್ತಿರದಲ್ಲಿ ತೆಳುವಾದ ಗೆರೆಯೊಂದು ಓಡುತ್ತದೆ. ಅದು ರಿಮ್‌ನ ಅಂಚಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಹುದುಗಿದ್ದರೆ ಟೈರು ಸರಿಯಾಗಿ ಕುಳಿತಿಲ್ಲ. ಗಾಳಿ ಬಿಡಿಸಿ ಮತ್ತೆ ಕೂರಿಸಲು ಹೇಳಿ. ವೀಲ್ ಬ್ಯಾಲೆನ್ಸಿಂಗ್ ತಪ್ಪಿಸಬೇಡಿ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ 150 ಕಿ.ಮೀ. ಜೋರಾಗಿ ಬ್ರೇಕ್ ಹಿಡಿಯದೆ, ಹೆಚ್ಚು ವಾಲಿಸದೆ ಓಡಿಸಿ.

ಬೇಸಿಗೆಯಲ್ಲಿ ಗಾಳಿ ಕಡಿಮೆ ಮಾಡಬೇಡಿ

‘ಬಿಸಿಲಿಗೆ ಟೈರು ಸಿಡಿಯುತ್ತದೆ, ಎರಡು ಪಾಯಿಂಟ್ ಕಡಿಮೆ ಇರಲಿ’ ಎನ್ನುವ ಸಲಹೆ ನಮ್ಮ ಕಡೆ ಎಲ್ಲ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಅದು ತಪ್ಪು, ಅಪಾಯಕಾರಿಯಾದ ತಪ್ಪು. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತವೆ. ಹಾಗೆ ಮಡಚುವುದರಿಂದಲೇ ಒಳಗೆ ಶಾಖ ಹುಟ್ಟುತ್ತದೆ. ಟೈರು ಹಾಳಾಗುವುದು ಆ ಶಾಖಕ್ಕೆ.

ಶಾಖಕ್ಕೆ ಗಾಳಿಯ ಒತ್ತಡ ಏರುವುದು ನಿಜ. 30 ಪಿಎಸ್‌ಐ (ಬಂಕಿನವರ ಮಾತಿನಲ್ಲಿ ‘ಪಾಯಿಂಟ್’) ಇರುವ ಟೈರಿನಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುತ್ತದೆ. ಟೈರು ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿದೇ ತಣ್ಣಗಿದ್ದಾಗಿನ ಅಂಕಿಯನ್ನು ಕೊಟ್ಟಿರುತ್ತಾರೆ. ಬೆಳಿಗ್ಗೆ, ಬೈಕು ನೆರಳಿನಲ್ಲಿ ಕನಿಷ್ಠ ಮೂರು ಗಂಟೆ ನಿಂತ ನಂತರ ಅಳೆಯಿರಿ. ಮಧ್ಯಾಹ್ನ ಓಡಿಸಿ ಬಂದು ಅಳೆದರೆ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಸಂಜೆಗೆ ಟೈರು ಸಪ್ಪಗಾಗಿರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವುದಾದರೆ ಕೈಪಿಡಿಯಲ್ಲಿ ಬೇರೆ ಅಂಕಿ ಇರುತ್ತದೆ, ಅದನ್ನು ಪಾಲಿಸಿ. ನೈಟ್ರೋಜನ್‌ಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ವಾರಕ್ಕೊಮ್ಮೆ ಅಳೆಯುವುದು ಅದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಬಳ್ಳಾರಿ ಜಾಲಿಯ ಮುಳ್ಳು

ಈ ಸೀಮೆಯ ರಸ್ತೆಗಳ ಬದಿಯಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದರ ಮುಳ್ಳು ಚುಚ್ಚಿದರೂ ಟ್ಯೂಬ್‌ಲೆಸ್ ಟೈರಿನ ಗಾಳಿ ಒಮ್ಮೆಲೇ ಇಳಿಯುವುದಿಲ್ಲ, ನಿಧಾನವಾಗಿ ಸೋರುತ್ತದೆ. ಸವಾರರಿಗೆ ಅದು ಗೊತ್ತೇ ಆಗದೆ ಕಡಿಮೆ ಗಾಳಿಯಲ್ಲಿ ದೂರ ಓಡಿಸಿಬಿಡುತ್ತಾರೆ. ವಾರದ ಅಳತೆಯಲ್ಲಿ ಒಂದೇ ಟೈರಿನ ಗಾಳಿ ಪದೇಪದೇ ಇಳಿದರೆ ಮುಳ್ಳು ಹುಡುಕಿಸಿ. ಹೊರಗಿನಿಂದ ಬತ್ತಿ ತುರುಕುವ ಪಂಕ್ಚರ್ ರಿಪೇರಿ ಊರು ತಲುಪುವವರೆಗೆ ಸಾಕು. ವೇಗವಾಗಿ ಓಡಿಸುವ ಬೈಕಿಗೆ ಟೈರು ಬಿಚ್ಚಿ, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಬೇಕು. ತೂತು ಟೈರಿನ ಪಕ್ಕೆಯಲ್ಲಿದ್ದರೆ ಯಾವ ರಿಪೇರಿಯೂ ಸಲ್ಲದು, ಟೈರನ್ನೇ ಬದಲಿಸಿ. ಗೀರುಗಳ ಒಳಗೆ ಇರುವ ಸವೆತದ ಉಬ್ಬುಗಳನ್ನೂ ಅದೇ ಹೊತ್ತಿಗೆ ನೋಡಿಬಿಡಿ. ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಗುರುತು ಅವು ಎಲ್ಲಿವೆ ಎಂದು ತೋರಿಸುತ್ತದೆ. ನಡುಭಾಗದ ರಬ್ಬರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ, ಅಂಚುಗಳು ಎಷ್ಟೇ ಹೊಸದಾಗಿ ಕಂಡರೂ ಆ ಟೈರಿನ ಆಯುಸ್ಸು ಮುಗಿದಿದೆ.