ಮೂರೂವರೆ ವರ್ಷದ ಮಗಳು, 550 ಕಿಲೋಮೀಟರ್, ಒಂದೇ ರೆಸಾರ್ಟ್: ನನ್ನ ಅನುಭವ

ಈ ಜನವರಿಯಲ್ಲಿ ಕಲಬುರಗಿಯಿಂದ ಹೊರಟು ಹೊನ್ನಾವರದ ಹತ್ತಿರ ಒಂದು ಬೀಚ್ ರೆಸಾರ್ಟಿನಲ್ಲಿ ಮೂರು ರಾತ್ರಿ ಇದ್ದು ಬಂದೆವು. ಮಗಳಿಗೆ ಜ್ವರ ಬರಲಿಲ್ಲ. ಹೊಟ್ಟೆ ಕೆಡಲಿಲ್ಲ. ಅಲ್ಲಿದ್ದಷ್ಟು ದಿನ ಮಧ್ಯಾಹ್ನದ ನಿದ್ದೆ ಒಮ್ಮೆಯೂ ತಪ್ಪಲಿಲ್ಲ. ನಾನೂ ನಮ್ಮವರೂ ಒಂದು ಸಲವೂ ಒಬ್ಬರ ಮೇಲೊಬ್ಬರು ರೇಗಲಿಲ್ಲ. ಇದಕ್ಕೆ ಮೊದಲು ಎರಡು ಸಲ ಸೋತಿದ್ದೆವು. ಅದಕ್ಕೇ ಈ ಸಲ ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ.

ಹೊರಡುವಾಗ ಮನೆಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ನಾದಿನಿ ಮುಖಕ್ಕೇ ಕೇಳಿದಳು: "ವೈನಿ, ಸಣ್ಣ ಕೂಸಿನ ಕಟ್ಕೊಂಡು ಅಷ್ಟು ದೂರ ಹೋಗಿ ಬರೇ ಮರಳಾಗ ಕುಂತು ಬರ್ತೀರೇನು? ಹೈದರಾಬಾದಿಗಿ ಹೋಗ್ರಿ, ಐದು ತಾಸಿನ ದಾರಿ." ನಾನು ಹೌದು ಅಂದೆ. ಮರಳಲ್ಲಿ ಕೂತು ಬರೋದೇ ನಮ್ಮ ಪ್ಲಾನ್ ಆಗಿತ್ತು.

ಮೊದಲನೇ ಸಲ ಹೋಗಿದ್ದು ಗೋವಾಕ್ಕೆ, ದೀಪಾವಳಿ ರಜೆಯಲ್ಲಿ. ಮಗಳಿಗೆ ಆಗ ಒಂದೂವರೆ ವರ್ಷ. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಬೆಳಿಗ್ಗೆ ಇನ್ನೊಂದು ಬಸ್ಸು. ನಾಲ್ಕು ದಿನದಲ್ಲಿ ಮೂರು ಬೀಚ್, ಎರಡು ಹೋಟೆಲ್. ಎರಡನೇ ದಿನವೇ ಕೂಸಿಗೆ ಜ್ವರ. ಉಳಿದ ದಿನವೆಲ್ಲ ರೂಮಿನಲ್ಲಿ ಒದ್ದೆ ಬಟ್ಟೆ ಹಣೆಗೆ ಹಾಕುತ್ತಾ ಕೂತೆ. ಸುಮಾರು 32 ಸಾವಿರ ಹೋಯಿತು. ಕಡಲು ನೋಡಿದ್ದು ಒಟ್ಟು ಎರಡು ತಾಸು ಇರಬೇಕು.

ಎರಡನೇ ಸಲ ಮೇ ತಿಂಗಳು. ನಮ್ಮ ಕಡೆ ಬಿಸಿಲು 43 ಡಿಗ್ರಿ. ಕರಾವಳಿಯಲ್ಲಿ 34 ಅಂತ ಮೊಬೈಲಿನಲ್ಲಿ ನೋಡಿ ಹೊರಟೆವು. ಆ ಲೆಕ್ಕ ತಪ್ಪು. ನಮ್ಮ ಬಿಸಿಲಿನಲ್ಲಿ ಬೆವರು ಬಂದಲ್ಲೇ ಒಣಗುತ್ತದೆ, ನೆರಳಿಗೆ ಬಂದರೆ ಜೀವ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರು ಇರುವುದರಿಂದ ಬೆವರು ಒಣಗುವುದೇ ಇಲ್ಲ. ಮಗಳ ಕುತ್ತಿಗೆ, ಬೆನ್ನು ತುಂಬಾ ಬೆವರುಗುಳ್ಳೆ. ಜೊತೆಗೆ ರೂಮಿನ ಮೋಸ. "ಸೀ ವ್ಯೂ" ಅಂದಿದ್ದರು. ಕಿಟಕಿಯಿಂದ ಕಡಲು ಕಾಣುತ್ತಿತ್ತು, ನಿಜ. ಆದರೆ ನಡುವೆ ಹೆದ್ದಾರಿ, ಲಾರಿಗಳು. ಕೂಸನ್ನು ಎತ್ತಿಕೊಂಡು ದಿನಕ್ಕೆ ನಾಲ್ಕು ಸಲ ಹೆದ್ದಾರಿ ದಾಟೋದು ಆಗುವ ಮಾತಾ? ಒಂದು ದಿನ ಮೊದಲೇ ಬಿಟ್ಟು ಬಂದೆವು. ಆ ದಿನದ ಸುಮಾರು 4,000 ರೂಪಾಯಿ ವಾಪಸ್ ಕೊಡಲಿಲ್ಲ. ಆ ದುಡ್ಡು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಹಾಗಾಗಿ ಮೂರನೇ ಸಲ ಎಲ್ಲವನ್ನೂ ಮಗಳ ನಿದ್ದೆಯಿಂದ ಲೆಕ್ಕ ಹಾಕಿದೆ. ಅವಳು ಮಲಗುವುದು ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಅವಳಿಗೆ ಊಟ ಮಾಡಿಸಿ, ಸರಿಯಾಗಿ ಒಂದು ಗಂಟೆಗೆ ಕಲಬುರಗಿ ಬಿಟ್ಟೆವು. ಕಟ್ಟಿಸಂಗಾವಿಯಲ್ಲಿ ಭೀಮಾ ಸೇತುವೆ ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು. ಜೇವರ್ಗಿ, ಸಿಂದಗಿ ಯಾವುದೂ ಅವಳಿಗೆ ಗೊತ್ತಾಗಲಿಲ್ಲ. ವಿಜಯಪುರದಲ್ಲಿ ಚಹಾ, ಅವಳಿಗೆ ಹಾಲು. ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ಮೇಲೆ ಅಷ್ಟು ನೀರು ನೋಡಿ "ಇದೇ ಸಮುದ್ರನಾ?" ಅಂದಳು. ಒಂಬತ್ತರ ಸುಮಾರಿಗೆ ಹುಬ್ಬಳ್ಳಿ. ಅಲ್ಲೇ ಲಾಡ್ಜಿನಲ್ಲಿ ಮಲಗಿದೆವು. ಈ ಒಂದು ರಾತ್ರಿಯ 1,600 ರೂಪಾಯಿ ದಂಡ ಅಂತ ನಮ್ಮವರು ಅಂದಿದ್ದರು. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಅದಕ್ಕಿಂತ ಒಳ್ಳೆ ಖರ್ಚು ಇನ್ನೊಂದಿಲ್ಲ.

ಮರುದಿನ ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್. ಹಿಂದಿನ ಸಲ ಇಲ್ಲೇ ಅವಳು ಮೂರು ಸಲ ವಾಂತಿ ಮಾಡಿದ್ದಳು. ಹೊಟ್ಟೆ ಖಾಲಿ ಇದ್ದರೆ ಒಳ್ಳೇದು ಅಂತ ಆಗ ಏನೂ ತಿನ್ನಿಸಿರಲಿಲ್ಲ. ಈ ಸಲ ಯಲ್ಲಾಪುರದಲ್ಲಿ ಅರ್ಧ ತಾಸು ಇಳಿಸಿ ಓಡಾಡಿಸಿದೆವು. ಎರಡು ಮುಷ್ಟಿ ಒಣ ಮಂಡಾಳು (ಚುರುಮುರಿ) ತಿನ್ನಿಸಿದೆ, ಹಾಲು ಕೊಡಲಿಲ್ಲ. ಮೊಬೈಲ್ ಒಳಗಿಟ್ಟೆ. ಅವಳ ಸೀಟು ಹಿಂದಿನ ಸಾಲಿನ ನಡುವೆ ಕಟ್ಟಿದ್ದೆವು, ಮುಂದಿನ ರಸ್ತೆ ಕಾಣುವ ಹಾಗೆ. ಗಾಡಿ 30ರ ಮೇಲೆ ಹೋಗಲಿಲ್ಲ. ಒಂದು ಸಲವೂ ವಾಂತಿ ಆಗಲಿಲ್ಲ.

ರೂಮಿನ ವಿಷಯ. ಫೋಟೋ ನಂಬಿ ನಾನು ಇನ್ನು ಬುಕ್ ಮಾಡೋದಿಲ್ಲ. ಫೋನ್ ಮಾಡಿ, "ರೂಮಿನ ಬಾಗಿಲಿನಿಂದ ಮರಳಿನ ತನಕ ನಡೆದುಕೊಂಡು ಹೋಗಿ ಒಂದು ವಿಡಿಯೋ ಕಳಿಸಿ" ಅಂತ ಕೇಳಿದೆ. ಐದು ಕಡೆ ಕೇಳಿದ್ದೆ, ಕಳಿಸಿದವರು ಇಬ್ಬರೇ. ಅದರಲ್ಲೊಂದು ಇದು. ನೆಲಮಹಡಿ, ಅರವತ್ತು ಎಪ್ಪತ್ತು ಹೆಜ್ಜೆಗೆ ಮರಳು, ದಾರಿಯಲ್ಲಿ ಕಾಲು ತೊಳೆಯಲು ನಲ್ಲಿ. ಮೊದಲು 4,500 ಅಂದರು. ಸೋಮವಾರದಿಂದ ಗುರುವಾರ ಅಂದಿದ್ದಕ್ಕೆ 3,800 ಆಯಿತು. ಆಮೇಲೆ ಇನ್ನೊಂದು ಮಾತು ಕೇಳಿದೆ, 3,200ಕ್ಕೆ ಇಳಿಸಿದರು, ತಿಂಡಿ ಸೇರಿ. ಆ ಮಾತು ಏನು ಅಂತ ಇಲ್ಲಿ ಬರೆಯಲ್ಲ. ಎಲ್ಲರೂ ಕೇಳಲು ಶುರು ಮಾಡಿದರೆ ಮುಂದಿನ ಸಲ ನನಗೇ ಸಿಗೋದಿಲ್ಲ.

ಈಗ ಮುಖ್ಯವಾದ ಮಾತು, ಕಡಲಿನ ಭಯ. ನಮ್ಮ ಮಕ್ಕಳು ನೋಡಿದ ನೀರು ಅಂದರೆ ಕಲಬುರಗಿಯ ಅಪ್ಪನ ಕೆರೆ, ಜಾಸ್ತಿ ಅಂದರೆ ಗಾಣಗಾಪುರದ ಹೊಳೆ ಸಂಗಮ. ಅಲೆಯ ಸದ್ದು ಕೇಳಿಯೇ ಮಗಳು ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡಳು. ಗೋವಾದಲ್ಲಿ ನಾವು ಮಾಡಿದ ತಪ್ಪು, ಭಯ ಹೋಗಲಿ ಅಂತ ಎತ್ತಿಕೊಂಡು ನೀರಿಗೆ ಇಳಿಸಿದ್ದು. ಈ ಸಲ ಮೊದಲ ದಿನ ನೀರಿನ ಹತ್ತಿರ ಹೋಗೋದೇ ಬೇಡ ಅಂತ ನಾನು ನಿರ್ಧಾರ ಮಾಡಿದ್ದೆ. ಆದರೆ ಉಪಾಯ ಕೊಟ್ಟವರು ಈ ಸಲ ನಮ್ಮ ಜೊತೆ ಬಂದಿದ್ದ ಅತ್ತೆ. ಅವರು ಭೀಮೆಯ ದಂಡೆಯ ಊರಿನವರು. ಬೇಸಿಗೆಯಲ್ಲಿ ಹೊಳೆ ಒಣಗಿದಾಗ ಮರಳಲ್ಲಿ ಒರತಿ ತೋಡಿ ನೀರು ತುಂಬಿಕೊಂಡು ಬೆಳೆದವರು. ಒಣ ಮರಳು ಮುಗಿದು ಒದ್ದೆ ಮರಳು ಶುರುವಾಗುವ ಕಡೆ ಕೂತು, ಸೀರೆ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ತೋಡತೊಡಗಿದರು. ಮೊಣಕೈ ಆಳ ಆಗುತ್ತಿದ್ದ ಹಾಗೆ ಕೆಳಗಿನಿಂದ ಸುಮ್ನೆ ನೀರು ಬಂತು. "ನೋಡವ್ವ, ಸಮುದ್ರನೇ ನಿನ್ನ ಹತ್ರ ಬಂತು" ಅಂದರು.

ಮಗಳು ನನ್ನ ತೊಡೆಯಿಂದ ಇಳಿದಳು. ಮೊದಲು ಒಂದು ಬೆರಳು. ಆಮೇಲೆ ಕೈ. ಕಾಲು ತಾಸಿನಲ್ಲಿ ಆ ಒರತಿಯೊಳಗೇ ಕೂತಿದ್ದಳು. ಎರಡನೇ ದಿನ ಇನ್ನೂ ಹತ್ತು ಹೆಜ್ಜೆ ಕೆಳಗೆ ತೋಡಿದೆವು. ಒಂದು ಅಲೆ ತಾನೇ ಬಂದು ಗುಂಡಿ ತುಂಬಿ ಹೋಯಿತು. ಹೆದರಲಿಲ್ಲ, ಇನ್ನೊಂದು ಬರಲಿ ಅಂತ ಕಾದಳು. ಮೂರನೇ ದಿನ ನನ್ನ ಕೈ ಹಿಡಿದು ಪಾದ ಮುಳುಗುವಷ್ಟು ನೀರಲ್ಲಿ ನಿಂತಳು. ಅದಕ್ಕಿಂತ ಆಳಕ್ಕೆ ನಾನು ಬಿಡಲಿಲ್ಲ. ಮೊಣಕಾಲಿನ ನೀರೂ ಹಿಂದೆ ಸರಿಯುವಾಗ ಸಣ್ಣ ಮಕ್ಕಳ ಕಾಲು ಎಳೆಯುತ್ತದೆ.

ಸಮಯವೂ ಮುಖ್ಯ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಸೂರ್ಯ ಮುಳುಗುವ ತನಕ, ಅಂದರೆ ಆರೂಕಾಲು ಆರೂವರೆ. ನಡುವೆ ರೂಮು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ಸಂಜೆ ಹೊತ್ತಿಗೆ ನೀರು ಇಳಿದಿದ್ದರೆ ಮಕ್ಕಳಿಗೆ ಅಂಗಳದಷ್ಟು ಅಗಲ ಗಟ್ಟಿ ಮರಳು ಸಿಗುತ್ತದೆ. ಪಂಚಾಂಗ ನೋಡಿ ಅಂಥ ದಿನ ಹುಡುಕುವ ಲೆಕ್ಕ ಒಬ್ಬ ಹಿರಿಯ ಮೀನುಗಾರರಿಂದ ಕಲಿತೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವು ರೆಸಾರ್ಟಿನ ಕಾವಲುಗಾರರನ್ನು ಕೇಳಿದರೂ ಆಯಾ ದಿನದ್ದು ಹೇಳುತ್ತಾರೆ.

ನೀರು ಇಳಿದ ಮರಳಿನ ಮೇಲೆ ಸಣ್ಣ ಏಡಿಗಳ ತೂತು. ಪ್ರತಿ ತೂತಿನ ಸುತ್ತ ಮರಳಿನ ಪುಟ್ಟ ಪುಟ್ಟ ಉಂಡೆ, ಸರಿಯಾಗಿ ಜೋಳದ ಕಾಳಿನಷ್ಟು. ಏಡಿ ಮರಳಿನೊಳಗಿನ ಆಹಾರ ತಿಂದು ಉಳಿದದ್ದನ್ನು ಉಂಡೆ ಮಾಡಿ ಬಿಸಾಡುತ್ತದೆ. ಮಗಳೂ ನಾನೂ ಒಂದು ಸಂಜೆ ಪೂರ್ತಿ ಉಸಿರು ಹಿಡಿದು ಅದನ್ನೇ ನೋಡಿದೆವು. ನೆರಳು ಬಿದ್ದರೆ ಸಾಕು, ಏಡಿ ಒಳಗೆ.

ಒಂದು ಬೆಳಿಗ್ಗೆ ಕಾಸರಕೋಡ ಬೀಚಿಗೆ ಹೋದೆವು. 2020ರಲ್ಲಿ ಪಡುಬಿದ್ರಿ ಜೊತೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚ್ ಅದು. ಗಾಳಿ ಮರಗಳ ನೆರಳಿದೆ. ಅದೇ ಹೊತ್ತಿಗೆ ನಮ್ಮವರು ಅತ್ತೆಯನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋದರು. 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಲಿಫ್ಟಿನಲ್ಲಿ ಮೇಲೆ ಹೋಗಿ ಕಡಲು ನೋಡಿದ್ದು ಅತ್ತೆ ಇನ್ನೂ ಹೇಳುತ್ತಿರುತ್ತಾರೆ. ಮಗಳನ್ನು ಕರೆದೊಯ್ಯಲಿಲ್ಲ. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಅನ್ನೋದನ್ನು ಬಿಟ್ಟಿದ್ದಕ್ಕೇ ಈ ಸಲ ಆರಾಮ ಸಿಕ್ಕಿದ್ದು.

ಊಟ. ಅಲ್ಲಿನ ಕುಚ್ಚಲಕ್ಕಿ ಅನ್ನ ಮಗಳು ಬಾಯಿಗೂ ಹಾಕಲ್ಲ ಅಂತ ಹಿಂದಿನ ಸಲವೇ ಗೊತ್ತಾಗಿತ್ತು. ಮನೆಯಿಂದ ಒಂದು ಕಿಲೋ ತೊಗರಿ ಬೇಳೆ ಒಯ್ದು, ರೆಸಾರ್ಟಿನ ಅಡುಗೆಯವರ ಕೈಗೆ ಕೊಟ್ಟೆ. "ಅಣ್ಣ, ದಿನಾ ಒಂದು ಬಟ್ಟಲು ಬೇಳೆ ಮೆತ್ತಗೆ ಬೇಯಿಸಿ, ಖಾರ ಬೇಡ, ಉಳಿದಿದ್ದು ನಿಮಗೆ" ಅಂದೆ. ಮೂರನೇ ದಿನ ಅವರೇ ಬಂದು, ಇಷ್ಟು ಬೇಗ ಕರಗುವ ಬೇಳೆ ಎಲ್ಲಿಯದು ಅಂತ ಕೇಳಿದರು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ ಅಂತ ಹೆಮ್ಮೆಯಿಂದ ಹೇಳಿದೆ. ನಮಗೆ ಕಟಕ ರೊಟ್ಟಿ (ಒಣಗಿಸಿದ ಗರಿಗರಿ ಜೋಳದ ರೊಟ್ಟಿ), ಶೇಂಗಾ ಚಟ್ನಿ, ಸಂಕ್ರಾಂತಿಯ ಶೇಂಗಾ ಹೋಳಿಗೆ ಇತ್ತು. ಒಂದು ಎಚ್ಚರಿಕೆ: ಕಟಕ ರೊಟ್ಟಿ ಅಲ್ಲಿಯ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು.

ಚರ್ಮಕ್ಕೆ: ಡೈಪರ್ ಹಾಕಿ ಮರಳಿಗೆ ಬಿಡಬೇಡಿ. ಒಳಗೆ ಮರಳು ಸೇರಿ ತೊಡೆ ಸಂದು ಕೆಂಪಾಗುತ್ತದೆ. ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿ ತೆಳು ಚಡ್ಡಿ ಹಾಕಿ. ಅಂಟಿದ ಮರಳನ್ನು ಉಜ್ಜಬೇಡಿ, ಒಣಗಿದ ಮೇಲೆ ಪೌಡರ್ ಉದುರಿಸಿ ಕೈಯಾಡಿಸಿದರೆ ತಾನೇ ಬೀಳುತ್ತದೆ.

ದುಡ್ಡು, ನೆನಪಿದ್ದಷ್ಟು: ರೂಮು 9,600. ಅತ್ತೆಗೆ ಹೆಚ್ಚುವರಿ ಹಾಸಿಗೆ 1,800. ಹುಬ್ಬಳ್ಳಿಯಲ್ಲಿ ಹೋಗುವಾಗ ಬರುವಾಗ ಎರಡು ರಾತ್ರಿ 3,200. ಪೆಟ್ರೋಲ್ ಏಳೂವರೆ ಸಾವಿರದ ಹತ್ತಿರ. ಟೋಲ್ 800 ಇರಬಹುದು. ಊಟ 5,000. ನಾಲ್ಕು ಜನಕ್ಕೆ 28 ಸಾವಿರ. ಗೋವಾಕ್ಕೆ ಮೂರೇ ಜನ ಹೋಗಿ 32 ಕೊಟ್ಟು ಬಂದಿದ್ದೆವು.

ವಾಪಸ್ ಬರುವಾಗ ಎರಡು ಲೀಟರ್ ಕಡಲ ನೀರು ಬಾಟಲಿಯಲ್ಲಿ ತಂದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಕಡಲ ನೀರು ಗದ್ದೆಗೆ ಬಿಟ್ಟು ಉಪ್ಪು ಮಾಡುತ್ತಾರೆ ಅಂತ ದಾರಿಯಲ್ಲಿ ಮಗಳಿಗೆ ಹೇಳಿದ್ದೆ. ನಮ್ಮ ಮನೆಯಲ್ಲೂ ಮಾಡೋಣ ಅಂದಳು. ಬಟ್ಟೆಯಲ್ಲಿ ಸೋಸಿ, ದೊಡ್ಡ ಪರಾತಕ್ಕೆ ಹಾಕಿ ಮಾಳಿಗಿ ಮೇಲೆ ಇಟ್ಟೆವು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕಲಬುರಗಿ ಬಿಸಿಲಲ್ವಾ, ಮೂರನೇ ದಿನಕ್ಕೆ ಅಂಚಿನಲ್ಲಿ ಬಿಳಿ ಕಟ್ಟಿತು. ಕೊನೆಗೆ ಉಳಿಯುವ ಸ್ವಲ್ಪ ನೀರು ಕಹಿ, ಅದನ್ನು ಚೆಲ್ಲಬೇಕು. ಸಣ್ಣ ಬಟ್ಟಲಿನಷ್ಟು ಉಪ್ಪು ಸಿಕ್ಕಿತು. ನಾದಿನಿ ಬಂದ ದಿನ ಮಗಳು ಒಂದು ಚಿಟಿಕೆ ತಂದು ಅವಳ ಅಂಗೈಯಲ್ಲಿ ಹಾಕಿ, "ತಿನ್ರಿ ಅತ್ತಿ, ಸಮುದ್ರ" ಅಂದಳು. ಮುಂದಿನ ಜನವರಿಗೆ ನಾದಿನಿಯ ಮನೆಯವರೂ ನಮ್ಮ ಜೊತೆ ಬರುತ್ತಿದ್ದಾರೆ. ಎರಡು ರೂಮಿಗೆ ಈಗಾಗಲೇ ಫೋನ್ ಮಾಡಿದ್ದೇನೆ.