ಥೀಸಿಸ್ ಇಲ್ಲದ ಮಾಸ್ಟರ್ಸ್: ನಮ್ಮ ಪಶುವೈದ್ಯ ವಿಭಾಗದಲ್ಲಿ ಶುರು ಮಾಡಿದ ಬಗೆ

ನಾನು ಬೆಂಗಳೂರಿನ ಹೆಬ್ಬಾಳದಲ್ಲಿ ಎಂವಿಎಸ್ಸಿ, ಅಂದರೆ ಪಶುವೈದ್ಯಕೀಯದ ಮಾಸ್ಟರ್ಸ್, ಓದಿದವನು. ಅಲ್ಲಿ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ), ಪ್ರಯೋಗ, ಥೀಸಿಸ್, ವೈವಾ ಇಷ್ಟೂ ಮುಗಿಯದೆ ಪದವಿಯ ಮಾತೇ ಇಲ್ಲ. ಈಗ ಪಾಠ ಮಾಡುತ್ತಿರುವುದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ. ಇಲ್ಲಿನ ನಮ್ಮ ವಿಭಾಗದಲ್ಲಿ ಥೀಸಿಸ್ ಇಲ್ಲದ ಮಾಸ್ಟರ್ಸ್ ತರಬೇಕೆಂಬ ಪ್ರಸ್ತಾವ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಇದನ್ನು ಕೇಳಿದವರು ಹೊಸದಾಗಿ ಪದವಿ ಮುಗಿಸಿದ ಹುಡುಗರಲ್ಲ. ಡಿವಿಎಂ (ಇಲ್ಲಿನ ಪಶುವೈದ್ಯ ಪದವಿ) ಮುಗಿಸಿ ಹತ್ತಾರು ಡೈರಿ ಫಾರ್ಮುಗಳನ್ನು ನೋಡಿಕೊಳ್ಳುವ ವೈದ್ಯರು, ಬೀದಿನಾಯಿಗಳ ಆಶ್ರಯಧಾಮಗಳಲ್ಲಿ ಕೆಲಸ ಮಾಡುವವರು, ರಾಜ್ಯದ ಆರೋಗ್ಯ ಇಲಾಖೆಯಲ್ಲಿರುವವರು. ಪ್ರಾಕ್ಟೀಸ್ ಬಿಟ್ಟು ಎರಡು ವರ್ಷ ಲ್ಯಾಬಿನಲ್ಲಿ ಕೂರುವುದು ಅವರಿಗೆ ಆಗದ ಮಾತು. ಆದರೆ ರೋಗ ಹರಡುವ ಬಗೆ, ಅಂಕಿಅಂಶ ಓದುವ ಬಗೆ ಅವರಿಗೆ ನಿಜಕ್ಕೂ ಬೇಕಿತ್ತು.

ಸಹೋದ್ಯೋಗಿಗಳಲ್ಲಿ ಕೆಲವರು ಇದು ಎರಡನೇ ದರ್ಜೆಯ ಪದವಿ ಆಗುತ್ತದೆ ಎಂದರು. ಆ ಭಯ ಸುಳ್ಳಲ್ಲ. ಥೀಸಿಸ್ ತೆಗೆದು ಆ ಜಾಗಕ್ಕೆ ಇನ್ನೆರಡು ಕೋರ್ಸ್ ತುರುಕಿದರೆ ಉಳಿಯುವುದು ಹಾಜರಾತಿಯ ಸರ್ಟಿಫಿಕೇಟ್ ಅಷ್ಟೇ. ಅದಕ್ಕೇ ಒಟ್ಟು 30 ಕ್ರೆಡಿಟ್ ಹಾಗೇ ಉಳಿಸಿಕೊಂಡೆವು. ಥೀಸಿಸ್‌ನವರು ಸಂಶೋಧನೆಗೆ ಕೊಡುವ 6 ಕ್ರೆಡಿಟ್‌ನಲ್ಲಿ 3 ಅನ್ನು ಅಂಕಿಅಂಶ ವಿಶ್ಲೇಷಣೆಗೆ, 3 ಅನ್ನು ಪ್ರಾಜೆಕ್ಟಿಗೆ ಕೊಟ್ಟೆವು. ಕೊನೆಗೆ ಮೌಖಿಕ ಪರೀಕ್ಷೆ ಕಡ್ಡಾಯ, ಸಮಿತಿಯಲ್ಲಿ ಹೊರಗಿನ ಒಬ್ಬ ಪ್ರಾಕ್ಟೀಸ್ ಮಾಡುವ ವೈದ್ಯರು ಇರಲೇಬೇಕು.

ನಾನು ಹಟ ಹಿಡಿದದ್ದು ಇನ್ನೊಂದು ನಿಯಮಕ್ಕೆ. ಯಾವ ದಾರಿ ಎಂಬುದನ್ನು ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲೇ ಹೇಳಬೇಕು. ಥೀಸಿಸ್ ಅರ್ಧಕ್ಕೆ ನಿಂತವರು ಇಲ್ಲಿಗೆ ಬರಬಹುದು, ಆದರೆ ಹೊಸ ಪ್ರಾಜೆಕ್ಟನ್ನು ಮೊದಲಿನಿಂದ ಮಾಡಲೇಬೇಕು. ಸೋತವರನ್ನು ಸಾಗಹಾಕುವ ಹಿಂಬಾಗಿಲು ಎಂಬ ಹೆಸರು ಒಮ್ಮೆ ಬಂದರೆ, ಮನಸ್ಸಿಟ್ಟು ಓದಿದವರ ಪದವಿಗೂ ಬೆಲೆ ಉಳಿಯುವುದಿಲ್ಲ.

ಪ್ರಾಜೆಕ್ಟ್ ಹೇಗಿರಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಡೈರಿಗಳನ್ನು ನೋಡಿಕೊಳ್ಳುವ ವೈದ್ಯೆಯೊಬ್ಬರು ನಮ್ಮಲ್ಲಿ ಸೇರಿದರು. ಹಸುವಿನ ಹಾಲು ಬತ್ತಿಸುವಾಗ, ಅಂದರೆ ಮುಂದಿನ ಕರು ಹಾಕುವ ಮುಂಚೆ ಕರೆಯುವುದನ್ನು ನಿಲ್ಲಿಸುವಾಗ, ಕೆಚ್ಚಲು ಬಾವು ಬರದಿರಲೆಂದು ನಾಲ್ಕೂ ಮೊಲೆತೊಟ್ಟುಗಳಿಗೆ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸುವುದು ಇಲ್ಲಿನ ಹಳೆಯ ರೂಢಿ. ರೋಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಎಲ್ಲ ಹಸುವಿಗೂ. ಮೊದಲು ಇಂಥ ಅನೇಕ ಟ್ಯೂಬುಗಳು ಅಂಗಡಿಯಲ್ಲಿ ನೇರವಾಗಿ ಸಿಗುತ್ತಿದ್ದವು. 2023ರ ಜೂನ್‌ನಿಂದ ಅವಕ್ಕೆ ವೈದ್ಯರ ಚೀಟಿ ಬೇಕು. ಆಗ ಫಾರ್ಮಿನ ಮಾಲೀಕ ಈಕೆಯನ್ನು ಕೇಳಿದ್ದು: ಎಲ್ಲ ಹಸುವಿಗೂ ನಿಜವಾಗಿ ಬೇಕೇನು?

ಆ ಪ್ರಶ್ನೆಯೇ ಅವರ ಪ್ರಾಜೆಕ್ಟ್ ಆಯಿತು. ಬತ್ತಿಸುವ ಮುಂಚಿನ ಕೊನೆಯ ಪರೀಕ್ಷೆಯಲ್ಲಿ ಹಾಲಿನ ಸೊಮ್ಯಾಟಿಕ್ ಸೆಲ್ (ಕೆಚ್ಚಲಿಗೆ ಸೋಂಕು ತಗುಲಿದಾಗ ಹೆಚ್ಚುವ ಜೀವಕೋಶಗಳು) ಪ್ರಮಾಣ ಮಿಲಿಲೀಟರಿಗೆ 2 ಲಕ್ಷ ದಾಟಿದ್ದರೆ, ಅಥವಾ ಆ ಸೂಲಿನಲ್ಲಿ ಕೆಚ್ಚಲು ಬಾವು ಬಂದಿದ್ದರೆ ಮಾತ್ರ ಆ್ಯಂಟಿಬಯೋಟಿಕ್. ಉಳಿದ ಹಸುಗಳಿಗೆ ಮೊಲೆತೊಟ್ಟಿನ ಒಳಗೆ ಬಿಸ್ಮತ್‌ನ ಸೀಲೆಂಟ್ (ತೊಟ್ಟಿನ ದಾರಿ ಮುಚ್ಚುವ ಪೇಸ್ಟ್) ಮಾತ್ರ. ಹಾಲು ಕರೆಯುವ ಕೆಲಸಗಾರರಿಗಾಗಿ ಒಂದು ಪುಟದ ಸೂಚನೆಯನ್ನು ಸ್ಪ್ಯಾನಿಷಿನಲ್ಲಿ ಬರೆದರು. ಕರು ಹಾಕಿದ ಮೇಲಿನ ಮೊದಲ ಪರೀಕ್ಷೆಯ ಲೆಕ್ಕವನ್ನು ಹಳೆಯ ಲೆಕ್ಕದ ಜೊತೆ ಇಟ್ಟು ನೋಡಿದರು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ವೈದ್ಯರು ಕೇಳಿದ್ದು ಒಂದೇ ವಿಷಯ: ಮೊಲೆತೊಟ್ಟು ಒರೆಸುವ ಕ್ರಮ ಯಾವುದು? ಆಕೆ ಎದ್ದು ನಿಂತು ಕೈಯಲ್ಲೇ ತೋರಿಸಿದರು. ಸ್ಪಿರಿಟ್ ಹತ್ತಿಯಿಂದ ಒರೆಸುವಾಗ ಮೊದಲು ದೂರದ ಎರಡು, ಆಮೇಲೆ ಹತ್ತಿರದ ಎರಡು. ಟ್ಯೂಬ್ ಏರಿಸುವಾಗ ತಿರುಗಾಮುರುಗಾ, ಮೊದಲು ಹತ್ತಿರದವು. ಹಾಗೆ ಮಾಡಿದರೆ ಒರೆಸಿ ಶುಚಿಯಾದದ್ದಕ್ಕೆ ತೋಳು ತಾಗುವುದಿಲ್ಲ. ಸೀಲೆಂಟ್ ಒಂದನ್ನೇ ಹಾಕುವಾಗ ಕೊಳೆ ಒಳಗೆ ಹೋದರೆ ಕೊಲ್ಲುವ ಔಷಧವೇ ಅಲ್ಲಿರುವುದಿಲ್ಲ, ಹಾಗಾಗಿ ಇಡೀ ಯೋಜನೆ ನಿಂತಿರುವುದು ಈ ಒರೆಸುವ ಕೆಲಸದ ಮೇಲೆ ಎಂದರು. ನಾನು ಕೇಳಿದೆ, ಬೇಸಿಗೆಯಲ್ಲಿ ಬತ್ತಿಸಿದ ಹಸುವನ್ನು ಚಳಿಗಾಲದಲ್ಲಿ ಬತ್ತಿಸಿದ ಹಸುವಿನ ಜೊತೆ ಹೋಲಿಸಬಹುದೇ ಎಂದು. ಅದನ್ನು ವರದಿಯಲ್ಲೇ ಮಿತಿಯೆಂದು ಬರೆದಿದ್ದರು, ಪುಟ ತೆಗೆದು ತೋರಿಸಿದರು. ಎರಡನೇ ದರ್ಜೆ ಎಂದಿದ್ದ ಸಹೋದ್ಯೋಗಿಯೂ ಆ ದಿನ ಸಮಿತಿಯಲ್ಲಿದ್ದರು. ಸಂತೋಷದಿಂದ ಸಹಿ ಹಾಕಿದರು.

ಕರ್ನಾಟಕದಿಂದ ಬಿವಿಎಸ್ಸಿ (ಪಶುವೈದ್ಯ ಪದವಿ) ಮುಗಿಸಿದ ಹುಡುಗ ಹುಡುಗಿಯರು, ಸರ್, ಈ ದಾರಿ ಬೇಗ ಮುಗಿಯುತ್ತಲ್ಲ, ಇದಕ್ಕೇ ಬರಲಾ ಎಂದು ಕೇಳುತ್ತಾರೆ. ಅವರಿಗೆ ನಾನು ನೇರವಾಗಿ ಹೇಳುವುದಿಷ್ಟು. ಗೈಡ್‌ಗಳ ಅನುದಾನದಿಂದ ಬರುವ ಅಸಿಸ್ಟೆಂಟ್‌ಶಿಪ್ (ಸಂಶೋಧನೆಯ ಕೆಲಸಕ್ಕೆ ಪ್ರತಿಯಾಗಿ ಸಿಗುವ ನೆರವು) ಸಾಮಾನ್ಯವಾಗಿ ಥೀಸಿಸ್ ಮಾಡುವವರಿಗೆ ಹೋಗುತ್ತದೆ, ಇಲ್ಲಿ ಫೀಸು ನಿಮ್ಮ ಕೈಯಿಂದಲೇ. ಪಿಎಚ್‌ಡಿ ಮಾಡುವ, ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಥೀಸಿಸ್ಸನ್ನೇ ಹಿಡಿಯಿರಿ. ಫೀಲ್ಡಿನಲ್ಲಿ ಕೆಲವು ವರ್ಷ ದುಡಿದು, ಉತ್ತರ ಸಿಗದ ಒಂದು ಪ್ರಶ್ನೆ ಇಟ್ಟುಕೊಂಡು ಬರುವವರಿಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಈಗಂತೂ ಅರ್ಜಿಯ ಜೊತೆಗೇ ಆ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿ ಎಂದು ಕೇಳುತ್ತೇವೆ, ಸಂದರ್ಶನ ಅದರ ಮೇಲೆಯೇ ನಡೆಯುತ್ತದೆ.