ಪತ್ರರಂಧ್ರ ಕೊನೆಗೂ ಕಂಡಿದ್ದು ಹೀಗೆ

ಹತ್ತನೇ ಕ್ಲಾಸಿನ ಮಕ್ಕಳಿಗೆ ಪತ್ರರಂಧ್ರ (ಎಲೆ ಉಸಿರಾಡುವ ಸಣ್ಣ ತೂತು) ತೋರಿಸಲು ಹೋದರೆ ಮೈಕ್ರೋಸ್ಕೋಪಿನಲ್ಲಿ ಬರೀ ಹಸಿರು ಮಸುಕು, ಇಲ್ಲಾ ಗಾಳಿಗುಳ್ಳೆ. ದಾಸವಾಳದ ಎಲೆಯ ಸಿಪ್ಪೆ ಸುಲಿದೆ, ಹರಿಯಿತು. ಬ್ಲೇಡಿನಿಂದ ಕೆರೆದೆ, ದಪ್ಪ ಬಂತು. ವಿಡಿಯೋಗಳಲ್ಲಿ ಮಾತ್ರ ಎಲ್ಲಾ ಸಲೀಸು, ಅಲ್ವಾ!

ಕೆಲಸ ಮಾಡಿದ್ದು ಬಣ್ಣವಿಲ್ಲದ ನೇಲ್ ಪಾಲಿಶ್. ಅಡಿಭಾಗ ನೇರಳೆ ಇರುವ ರಿಯೋ ಗಿಡದ ಎಲೆ ತಗೊಳ್ಳಿ, ನನಗೆ ಜಯನಗರದ ಪಾರ್ಕಿನಲ್ಲಿ ಮಾಲಿ ಕೊಟ್ಟರು. ಎಲೆ ಒರೆಸಿ, ಕೆಳಮುಖಕ್ಕೆ ತೆಳುವಾಗಿ ಒಂದೇ ಸಲ ಹಚ್ಚಿ, 15 ನಿಮಿಷ ಪೂರ್ತಿ ಒಣಗಲು ಬಿಟ್ಟು (ಅವಸರಪಟ್ಟರೆ ಎಳೆ ಎಳೆಯಾಗಿ ಬರುತ್ತದೆ), ಮೇಲೆ ಸೆಲ್ಲೋ ಟೇಪ್ ಒತ್ತಿ ನಿಧಾನಕ್ಕೆ ಎತ್ತಿ ಸ್ಲೈಡಿಗೆ ಅಂಟಿಸಿ. ನೀರು, ಕವರ್ ಸ್ಲಿಪ್ ಬೇಡ. ಮೊದಲು 10 ಎಕ್ಸ್ ಲೆನ್ಸಿನಲ್ಲಿ ನೋಡಿ, ಆಮೇಲೆ 40 ಎಕ್ಸ್. ಬೆಳಕು ತಗ್ಗಿಸಿ, ಜಾಸ್ತಿಯಾದರೆ ಪಾಲಿಶ್‌ನಲ್ಲಿ ಮೂಡಿದ ಎಲೆಯ ಅಚ್ಚು ಕಾಣುವುದೇ ಇಲ್ಲ. ತುಟಿಯಂಥ ಎರಡು ಕಾವಲು ಕೋಶ, ನಡುವಿನ ಸೀಳೇ ಪತ್ರರಂಧ್ರ.